ಚರ್ಮವಾದ್ಯಕ್ಕೆ ಅಂಕ ಕೊಡುವವರು ಯಾರು?

(ತುರುವೇಕೆರೆ ತಾಲ್ಲೂಕಿನಲ್ಲಿ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಆಹ್ವಾನ ಪತ್ರಿಕೆಯಲ್ಲಿ ‘ಶರಣರು ಮತ್ತು ಜನಪದ ಕಲೆ’ ಎಂದು ನನ್ನ ವಿಷಯ ಅಚ್ಚಾಗಿದೆ. ಅದು ದೊಡ್ಡ ವಿಷಯ. ಅಷ್ಟನ್ನೂ ಹೇಳಲು ನನಗೆ ಬರುವುದಿಲ್ಲ, ಕೇಳಲು ನಿಮಗೂ ಹೊತ್ತಿಲ್ಲ. ದಾಸೋಹದ ಮನೆಯಿಂದ ಆಗಲೇ ಒಗ್ಗರಣೆ ವಾಸನೆ ಬರುತ್ತಿದೆ. ಆದ್ದರಿಂದ ಒಂದೇ ಒಂದು ಸಣ್ಣ ಸಂಗತಿಗೆ ನಿಲ್ಲುತ್ತೇನೆ. ಬರುವ ಕಾರ್ತಿಕದಲ್ಲಿ ನಮ್ಮ ಸಮಿತಿಯವರು ವಾದ್ಯ ಸ್ಪರ್ಧೆ ಇಟ್ಟುಕೊಂಡಿದ್ದಾರೆ. ಅದಕ್ಕೆ ನಿಯಮ ಬರೆಯುವ ಕೆಲಸ ನಡೆದಿದೆ. ತೀರ್ಪುಗಾರರ ಕೈಗೆ ಕೊಡುವ ಅಂಕದ ಹಾಳೆಯ ಕರಡನ್ನು ನನಗೂ ಕಳಿಸಿದ್ದರು. ಆ ಹಾಳೆಯ ಜೊತೆ ನನಗೊಂದು ಜಗಳವಿದೆ. ಜಗಳ ಹಾಳೆಯ ಜೊತೆಗೇ ಹೊರತು ಸಮಿತಿಯ ಜೊತೆ ಅಲ್ಲ. ಯಾಕೆಂದರೆ ಅಂಥದೇ ಹಾಳೆ ಹಿಡಿದು ನಾನೇ ಇಪ್ಪತ್ತು ವರ್ಷಕ್ಕೂ ಮೇಲೆ ತೀರ್ಪು ಕೊಟ್ಟಿದ್ದೇನೆ, ಒಂದು ಸಲ ದೊಡ್ಡ ತಪ್ಪನ್ನೂ ಮಾಡಿದ್ದೇನೆ.

ನಾನು ವಾದ್ಯಗಾರನಲ್ಲ. ಮೇಷ್ಟ್ರು ಕೆಲಸ ಮಾಡಿದವನು. ಆದರೆ ಕೇಳುವುದರಲ್ಲಿ ನನಗೆ ಹುಚ್ಚು. ಚಿಕ್ಕಂದಿನಲ್ಲಿ ಅಜ್ಜನ ಹೆಗಲ ಮೇಲೆ ಕುಳಿತು ಜಾತ್ರೆಗೆ ಹೋದಾಗ ತೇರಿಗಿಂತ ಮೊದಲು ಕಿವಿಗೆ ಬೀಳುತ್ತಿದ್ದದ್ದು ವಾದ್ಯ. ನಮ್ಮ ಈ ಮೂರು ತಾಲ್ಲೂಕು, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ, ತೆಂಗಿಗೆ ಹೆಸರಾದಷ್ಟೇ ವಾದ್ಯಕ್ಕೂ ಹೆಸರಾಗಬೇಕಾದ ಸೀಮೆ. ವೀರಗಾಸೆಯವರ ಸಂಬಾಳ ಇದೆ. ನಂದಿಕೋಲಿನ ಮುಂದೆ ಕರಡೆ, ಚಮಾಳ ಇವೆ. ಬೀರೇದೇವರ ಒಕ್ಕಲಿನ ಡೊಳ್ಳು ಇದೆ. ಸೋಮನ ಕುಣಿತದ ಮುಂದೆ ತಮಟೆ, ಅರೆವಾದ್ಯ ಇಲ್ಲದೆ ಸೋಮ ಹೆಜ್ಜೆ ಎತ್ತುವುದಿಲ್ಲ. ಚಿಟ್ಟಿಮೇಳ ಬಂದರೆ ಮನೆಯಲ್ಲಿ ಮಲಗಿದ ಮಗುವೂ ಎದ್ದು ಕೂರುತ್ತದೆ.

ವಾದ್ಯ ಬಾರಿಸುವವರಷ್ಟೇ ಮುಖ್ಯರಾದವರು ಇನ್ನೊಂದು ಗುಂಪಿದ್ದಾರೆ. ಅವರೇ ಕೇಳುವವರು. ಒಂದು ಸ್ಪರ್ಧೆ ಮುಗಿದರೆ ಮೂರು ದಿನ ಟೀ ಅಂಗಡಿಯಲ್ಲಿ ಅದರದೇ ಮಾತು. ಕೊಬ್ಬರಿ ಹರಾಜಿಗೆ ತಿಪಟೂರಿಗೆ ಹೋದವರು ಮಂಡಿಯ ಕಟ್ಟೆಯ ಮೇಲೆ ಕುಳಿತು ವಾದ ಮಾಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ‘ಎರಡನೇ ತಂಡದ್ದು ನಡೆ ಬದಲಾಯಿಸುವಾಗ ಒಂದು ಪೆಟ್ಟು ಹಿಂದೆ ಬಿತ್ತು ಕಣಯ್ಯ, ಅವರಿಗೆ ಹೆಂಗೆ ಮೊದಲು ಕೊಟ್ಟರು’ ಎಂದು ಒಬ್ಬ ಅನ್ನುತ್ತಾನೆ. ‘ಬಿಡು ಮಾರಾಯ, ಅವರು ಮೂರು ಅಂತಸ್ತು ನಿಂತರಲ್ಲ, ನೀನು ನಿಲ್ಲು ನೋಡೋಣ’ ಎಂದು ಇನ್ನೊಬ್ಬ. ಇವರು ಯಾರೂ ಸಂಗೀತ ಕಲಿತವರಲ್ಲ. ಆದರೆ ಒಂದು ಪೆಟ್ಟು ಹಿಂದೆ ಬಿದ್ದದ್ದು ಇವರಿಗೆ ಗೊತ್ತಾಗುತ್ತದೆ.

ಹೇಗೆ ಗೊತ್ತಾಗುತ್ತದೆ ಅಂದರೆ, ನಮ್ಮದು ಕಿವಿಯಲ್ಲಿ ಬದುಕುವ ಜನ. ಅಟ್ಟದ ಮೇಲೆ ಕಾಯಿ ಹಾಕಿ ವರ್ಷದ ಹತ್ತಿರ ಕಾಯುತ್ತೇವೆ. ಒಳಗೆ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ, ಅಷ್ಟೇ. ಎಳನೀರಿನವನು ಬೆರಳಲ್ಲಿ ತಟ್ಟಿ ನೀರೆಷ್ಟು ಗಂಜಿಯೆಷ್ಟು ಹೇಳುತ್ತಾನೆ. ಇಂಥ ಊರಿನಲ್ಲಿ ವಾದ್ಯದ ಸ್ಪರ್ಧೆಯನ್ನು ಕಣ್ಣಲ್ಲಿ ನೋಡಿ ತೀರ್ಮಾನ ಮಾಡುತ್ತೇವಲ್ಲ, ಅದೇ ನನ್ನ ಜಗಳ.

ಹಾಳೆಯಲ್ಲಿ ಏನಿರುತ್ತದೆ ಎಂದು ಹೇಳುತ್ತೇನೆ. ನಾನು ಹಿಡಿದ ಹಾಳೆಗಳಲ್ಲಿ ಹೆಚ್ಚುಕಡಿಮೆ ಹೀಗಿರುತ್ತಿತ್ತು: ಒಟ್ಟು 100. ವೇಷಭೂಷಣಕ್ಕೆ 20. ಶಿಸ್ತು, ಸಾಲು, ಸುತ್ತು ಇವುಗಳಿಗೆ 20. ಸಾಹಸಕ್ಕೆ 20. ವೇದಿಕೆ ಬಳಕೆಗೆ 10. ಸಮಯ ಪಾಲನೆಗೆ 10. ಉಳಿದ 20 ಅಂಕ ತಾಳ, ಲಯ, ನಾದ ಮೂರಕ್ಕೂ ಸೇರಿ. ಅಂದರೆ ಕಿವಿ ಮುಚ್ಚಿಕೊಂಡು ಕುಳಿತ ತೀರ್ಪುಗಾರ ಕೂಡ 80 ಅಂಕವನ್ನು ನ್ಯಾಯವಾಗಿಯೇ ಹಂಚಬಹುದು. ಯುವಜನ ಮೇಳ ಇರಲಿ, ಉತ್ಸವ ಸಮಿತಿಯ ಸ್ಪರ್ಧೆ ಇರಲಿ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ ಹೋಗುವ ಆಸೆ ಇರುವ ಕಡೆಯಲ್ಲೆಲ್ಲ ತಂಡದವರು ಹಾಳೆಯನ್ನು ಓದಿಕೊಂಡೇ ತಾಲೀಮು ಮಾಡುತ್ತಾರೆ. ತಪ್ಪೇನಿಲ್ಲ. ಪರೀಕ್ಷೆಗೆ ಬರದ ಪಾಠವನ್ನು ನನ್ನ ಮಕ್ಕಳೂ ಓದುತ್ತಿರಲಿಲ್ಲ. ಹಾಳೆಯಲ್ಲಿ ಇಲ್ಲದ ನಡೆ ಹತ್ತು ವರ್ಷದಲ್ಲಿ ಕೈಯಿಂದಲೂ ಹೋಗುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಯಾವ ಊರು, ಯಾರ ಸ್ಪರ್ಧೆ ಎಂದು ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ಕಾರ್ತಿಕದ ರಾತ್ರಿ. ತೋಟದ ಮಗ್ಗುಲಿನ ಬಯಲು. ಹತ್ತು ಗಂಟೆಯ ಹೊತ್ತಿಗೆ ಇಬ್ಬನಿ ಇಳಿಯಲು ಶುರುವಾಗಿತ್ತು. ‘ಚರ್ಮವಾದ್ಯ ಸ್ಪರ್ಧೆ’ ಎಂದು ಬ್ಯಾನರು ಕಟ್ಟಿದ್ದರು. ಹನ್ನೆರಡು ತಂಡ, ಒಂದೊಂದಕ್ಕೆ ಹತ್ತು ನಿಮಿಷ. ನಾವು ಮೂವರು ತೀರ್ಪುಗಾರರು ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕುಳಿತಿದ್ದೆವು.

ಏಳನೆಯದೋ ಎಂಟನೆಯದೋ ಒಂದು ತಮಟೆ ತಂಡ. ಹೆಸರು ಕೂಗಿದರು, ಬರಲಿಲ್ಲ. ಎರಡನೇ ಸಲ ಕೂಗಿದರು. ನಿರೂಪಕ ಹುಡುಗ ಸ್ವಲ್ಪ ಚುರುಕಿನವನು, ‘ಎಲ್ಲಪ್ಪಾ ಮಲಗಿಬಿಟ್ಟಿರಾ’ ಎಂದು ಮೈಕಿನಲ್ಲಿ ನಗಾಡಿದ. ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಆರು ಜನ ಬಂದರು. ಐದು ಜನ ನಡುವಯಸ್ಸಿನವರು, ಮುಂದಾಳು ಮಾತ್ರ ಎಪ್ಪತ್ತು ದಾಟಿದವರು. ಬಿಳಿ ಪಂಚೆ, ತೋಳು ಮಡಚಿದ ಅಂಗಿ, ತಲೆಗೊಂದು ಟವೆಲು. ಅವರದು ವೇಷ ಅಷ್ಟೇ. ಬಂದವರು ಕೈಮುಗಿದು ನಿಂತು ಶುರು ಮಾಡಿದರು.

ನಾನು ಇವತ್ತಿಗೂ ಮರೆತಿಲ್ಲ. ಮೊದಲು ಮುಂದಾಳು ಒಬ್ಬರೇ, ತೀರಾ ಮೆಲ್ಲಗೆ, ಅಂಚಿನ ಮೇಲೆ ಬರೀ ಸಣ್ಣ ಕಡ್ಡಿಯಲ್ಲಿ. ಆಮೇಲೆ ಇನ್ನೊಬ್ಬರು ಅದರ ಸಂದಿಗೆ ಸೇರಿದರು. ಹೀಗೆ ಒಬ್ಬೊಬ್ಬರೇ ಸೇರಿ ಆರೂ ಜನ ಒಂದಾಗುವ ಹೊತ್ತಿಗೆ ಬಯಲಿನ ಆಚೆ ಕಡೆ ಸೌತೆಕಾಯಿ ಮಾರುತ್ತಿದ್ದವನು ಕೂಡ ಕೂಗುವುದು ನಿಲ್ಲಿಸಿದ್ದ. ನಡೆ ಬದಲಾದದ್ದು ಯಾರು ಸನ್ನೆ ಮಾಡಿದ್ದಕ್ಕೆ ಎಂದು ನನಗೆ ಕಾಣಲಿಲ್ಲ. ಆರು ತಮಟೆ, ಆದರೆ ಕೇಳಿಸುತ್ತಿದ್ದದ್ದು ಒಂದೇ. ಅವರ ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಮೊದಲೇ ಹೋಗಿತ್ತು. ಆರನೇ ನಿಮಿಷಕ್ಕೆ ಗಂಟೆ ಹೊಡೆದರು. ನಡುವೆಯೇ ನಿಲ್ಲಿಸಿ, ಮತ್ತೆ ಕೈಮುಗಿದು ಇಳಿದರು.

ನಾನು ಹಾಳೆ ನೋಡಿದೆ. ವೇಷಭೂಷಣ: ಇಲ್ಲವೆಂದೇ ಹೇಳಬೇಕು, 6 ಹಾಕಿದೆ. ಸಾಹಸ: ಏನೂ ಮಾಡಲಿಲ್ಲ, 4. ಸಮಯ ಪಾಲನೆ: ತಡ ಮಾಡಿದ್ದಾರೆ, 10ರಲ್ಲಿ 2. ತಾಳ, ಲಯಕ್ಕೆ 20ಕ್ಕೆ 20 ಕೊಟ್ಟೆ. ಕೊಟ್ಟು ಏನು ಬಂತು? ಒಟ್ಟು ಕೂಡಿದಾಗ ಅವರು ಒಂಬತ್ತನೆಯವರಾದರು. ಮೊದಲ ಬಹುಮಾನ ಒಂದು ಡೊಳ್ಳಿನ ತಂಡಕ್ಕೆ ಹೋಯಿತು. ಹುಡುಗರು ಚೆನ್ನಾಗಿಯೇ ಮಾಡಿದ್ದರು, ಒಬ್ಬರ ಹೆಗಲ ಮೇಲೊಬ್ಬರು ನಿಂತು ತುದಿಯಲ್ಲಿ ಧ್ವಜ ಹಾರಿಸಿದ್ದರು. ಆದರೆ ಅವರ ಡೊಳ್ಳಿಗೆ ಇದ್ದದ್ದು ಪ್ಲಾಸ್ಟಿಕ್ ಹಾಳೆ. ಚರ್ಮವಾದ್ಯ ಸ್ಪರ್ಧೆಯ ಮೊದಲ ಬಹುಮಾನವನ್ನು ನಾವು ಚರ್ಮವೇ ಇಲ್ಲದ ವಾದ್ಯಕ್ಕೆ ಕೊಟ್ಟೆವು. ಆ ರಾತ್ರಿ ಅದು ನಮಗೆ ಯಾರಿಗೂ ಹೊಳೆಯಲೇ ಇಲ್ಲ.

ಬಹುಮಾನ ಮುಗಿದ ಮೇಲೆ ಕೈತೊಳೆಯಲು ವೇದಿಕೆಯ ಹಿಂದೆ ಹೋದೆ. ಅಲ್ಲಿ ಒಣ ಸೋಗೆ, ತೆಂಗಿನ ಮೊಟ್ಟೆ ಹಾಕಿ ಉರಿಸಿದ ಬೂದಿ ಇನ್ನೂ ಕೆಂಪಗಿತ್ತು. ಆ ಮುಂದಾಳು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೀಡಿ ಸೇದುತ್ತಿದ್ದರು. ನನ್ನನ್ನು ನೋಡಿ ಬೀಡಿ ಆರಿಸಿ ಎದ್ದರು. ‘ಯಾಕೆ ತಡ ಮಾಡಿದಿರಿ’ ಎಂದು ಕೇಳಿದೆ. ಮೇಷ್ಟ್ರ ದನಿ, ಹೋಗುವುದಿಲ್ಲವಲ್ಲ.

‘ಇಬ್ಬನಿ ಮೇಷ್ಟ್ರೇ. ತಮಟೆ ತಣ್ಣಗಾಯ್ತು. ಕಾಯಿಸ್ದೆ ಹೆಂಗೆ ಹೊಡೆಯೋದು? ಸೌದೆ ಕೇಳಿದ್ವಿ, ಇಲ್ಲಿ ಬೆಂಕಿ ಹಾಕ್ಬೇಡಿ ಅಂದ್ರು, ಶಾಮಿಯಾನ ಐತೆ ಅಂತ. ಆಮೇಲೆ ಹಿಂದುಗಡೆ ಬಂದು ಹಾಕ್ಕಂಡ್ವಿ.’

ನನಗೆ ಮಾತು ಹೊರಡಲಿಲ್ಲ. ಚರ್ಮ ತೇವಕ್ಕೆ ಸಡಿಲವಾಗುತ್ತದೆ, ಕಾಯಿಸಿದರೆ ಬಿಗಿಯಾಗುತ್ತದೆ ಎನ್ನುವುದು ನನಗೇನು ಗೊತ್ತಿಲ್ಲದ್ದಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಕೈಯಲ್ಲಿ ಹಾಳೆ ಇದ್ದಾಗ ಕಾಯಿಸುವ ಹೊತ್ತು ನನಗೆ ತಡವಾಗಿ ಕಂಡಿತು. ‘ಹೇಳಬಹುದಿತ್ತಲ್ಲ’ ಎಂದೆ. ಅವರು ನಕ್ಕರು. ‘ಯಾರಿಗೆ ಹೇಳೋದು? ಅಲ್ಲ ಮೇಷ್ಟ್ರೇ, ಕಣ್ಣಿಗೆ ಅಷ್ಟೊಂದು ಅಂಕ ಕೊಟ್ರಿ, ಕಿವೀಗೆ ಎಷ್ಟು ಕೊಟ್ರಿ?’

ಅವರು ಕೋಪದಿಂದ ಕೇಳಲಿಲ್ಲ. ಲೆಕ್ಕ ತಿಳಿದುಕೊಳ್ಳಲು ಕೇಳಿದಂತೆ ಕೇಳಿದರು. ಅವತ್ತು ಊಟಕ್ಕೆ ಎಲ್ಲ ತಂಡವನ್ನೂ ಕರೆದಿದ್ದರು. ಈ ಆರು ಜನ ಮಾತ್ರ ಊಟಕ್ಕೆ ಬರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ಬನ್ನಿ ಎಂದು ಹತ್ತಿರ ಹೋಗಿ ಕರೆದವರೂ ಇರಲಿಲ್ಲ.

ಇನ್ನು ಆ ಡೊಳ್ಳಿನ ಹುಡುಗರ ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ವರ್ಷದ ಮೇಲೆ ಅವರ ನಾಯಕ ಒಂದು ಮದುವೆ ಮನೆಯಲ್ಲಿ ಸಿಕ್ಕಿದ. ಪ್ಲಾಸ್ಟಿಕ್ ಯಾಕಪ್ಪ ಎಂದು ಕೇಳಿದ್ದಕ್ಕೆ ಅವನು ಬೆರಳು ಮಡಚಿ ಹೇಳಿದ. ಚರ್ಮದ ಬೆಲೆ ಏರಿದೆ. ಹದ ಮಾಡಿ ಮುಚ್ಚುವವರು ಸುತ್ತಮುತ್ತ ಒಂದಿಬ್ಬರು ಉಳಿದಿದ್ದಾರೆ. ಮಳೆಗಾಲದಲ್ಲಿ ಗಣಪತಿ ಮೆರವಣಿಗೆಗೆ ಚರ್ಮದ ಡೊಳ್ಳು ಹೊತ್ತರೆ ಅರ್ಧ ದಾರಿಗೆ ಸದ್ದು ಸತ್ತು ಹೋಗುತ್ತದೆ. ‘ಮುಂದುಗಡೆ ಡಿಜೆ, ಹಿಂದುಗಡೆ ನಾಸಿಕ್ ಡೋಲು, ನಡುವೆ ನಾವು ಸಾರ್. ನಮ್ಮ ಸದ್ದು ಕೇಳದಿದ್ದರೆ ಮುಂದಿನ ವರ್ಷ ಯಾರು ಕರೀತಾರೆ? ಹೆಗಲ ಮೇಲೆ ಹತ್ತಿ ನಿಂತರೆ ಮೊಬೈಲಲ್ಲಿ ಹಿಡೀತಾರೆ, ನಾಲ್ಕು ಕಡೆ ಹೋಗುತ್ತೆ, ಫೋನು ಬರುತ್ತೆ.’ ಇದು ಹೊಟ್ಟೆಯ ಮಾತು. ಕಾಯಕದ ಮಾತು. ಇದಕ್ಕೆ ನಾವು ಮೂಗು ಮುರಿಯಬಾರದು. ಹೆಗಲ ಮೇಲೆ ನಿಲ್ಲುವುದು ನನಗೂ ಇಷ್ಟವೇ. ನಾನು ಕೇಳುವುದು ಇಷ್ಟೇ: ಮೇಲೆ ಹತ್ತುವಾಗ ಕೆಳಗಿನವನ ಪೆಟ್ಟು ತಪ್ಪಿತೋ ಇಲ್ಲವೋ? ತಪ್ಪದಿದ್ದರೆ ಕೊಡಿ ಇಪ್ಪತ್ತಕ್ಕೆ ಇಪ್ಪತ್ತು. ಎಷ್ಟೋ ತಂಡಗಳಲ್ಲಿ ಹತ್ತುವಾಗ ವಾದ್ಯವೇ ನಿಂತಿರುತ್ತದೆ, ನಮ್ಮ ಚಪ್ಪಾಳೆಯಲ್ಲಿ ಅದು ಗೊತ್ತಾಗುವುದಿಲ್ಲ.

ಈ ಜಗಳ ನಮ್ಮೊಬ್ಬರದೇ ಎಂದು ತಿಳಿದಿದ್ದೆ. 2018ರಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಅಳಿಯ ಒಂದು ಆಗಸ್ಟ್ ಸಂಜೆ ಇಂಡಿಯಾನಾಪೊಲಿಸ್ ಊರಿನ ದೊಡ್ಡ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದ. ಅಲ್ಲಿ ‘ಡ್ರಮ್ ಕೋರ್’ ಎಂದು ಒಂದು ಸ್ಪರ್ಧೆ. ಇಪ್ಪತ್ತು, ಇಪ್ಪತ್ತೊಂದರ ಆಸುಪಾಸಿನ ಹುಡುಗ ಹುಡುಗಿಯರು, ಒಂದೊಂದು ತಂಡದಲ್ಲಿ 150ರಷ್ಟು ಜನ, ಡ್ರಮ್ಮು ಕಟ್ಟಿಕೊಂಡು, ಕಹಳೆ ಊದುತ್ತ, ಮೈದಾನದ ತುಂಬ ಓಡಾಡುತ್ತ ನುಡಿಸುತ್ತಾರೆ. ಕೊನೆಯ ರಾತ್ರಿಗೆ ಹನ್ನೆರಡು ತಂಡ ಉಳಿಯುತ್ತವೆ. ನಮ್ಮಲ್ಲೂ ಅವತ್ತು ಹನ್ನೆರಡೇ ಇದ್ದವು, ಅದು ನೆನಪಾಯಿತು. 1972ರಿಂದ ಈ ಅಂತಿಮ ಸ್ಪರ್ಧೆ ನಡೆಯುತ್ತಿದೆ. ಒಟ್ಟು 100 ಅಂಕ, ಅದನ್ನೂ ದಶಾಂಶದ ಮುಂದೆ ಮೂರು ಸ್ಥಾನದವರೆಗೆ ಲೆಕ್ಕ ಹಾಕುತ್ತಾರೆ. ನಮ್ಮ ಹಿಂದಿನ ಸಾಲಿನಲ್ಲಿ ಇಬ್ಬರು ಮುದುಕರು ರಾತ್ರಿಯೆಲ್ಲ ವಾದ ಮಾಡುತ್ತಿದ್ದರು. ಅಳಿಯ ಅದನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ನನಗೆ ಕೊಬ್ಬರಿ ಮಂಡಿಯ ಕಟ್ಟೆಯ ಮೇಲೆ ಕುಳಿತ ಹಾಗೇ ಆಯಿತು. ‘ಈಗಿನ ಪ್ರದರ್ಶನಗಳು ನಮಗಲ್ಲ, ತೀರ್ಪುಗಾರರಿಗೆ’ ಎಂದು ಒಬ್ಬ. ‘ಹಳೆಯದೇ ನುಡಿಸಿದರೆ ಮಕ್ಕಳು ಯಾಕೆ ಬರುತ್ತಾರೆ’ ಎಂದು ಇನ್ನೊಬ್ಬ.

ಅವರ ಅಂಕದ ಕತೆ ಕೇಳುವ ಹಾಗಿದೆ. ಮೊದಲು ಅವರಲ್ಲಿ ತಪ್ಪು ಎಣಿಸುವ ಪದ್ಧತಿ ಇತ್ತಂತೆ. ತೀರ್ಪುಗಾರರು ಹಲಗೆ ಹಿಡಿದು ಮೈದಾನದೊಳಗೇ ನುಡಿಸುವವರ ನಡುವೆ ಓಡಾಡುತ್ತ, ಒಂದೊಂದು ತಪ್ಪಿಗೂ ಅಂಕದ ಹತ್ತನೇ ಒಂದು ಭಾಗ ಕಳೆಯುತ್ತಿದ್ದರು. ಆಗ ತಂಡಗಳು ತಪ್ಪಾಗದಂಥ ಸುಲಭದ್ದನ್ನೇ ನುಡಿಸತೊಡಗಿದವು. 1984ರಿಂದ ಅದನ್ನು ಬಿಟ್ಟು, ಮಾಡಿದ್ದಕ್ಕೆ ಅಂಕ ಕೂಡಿಸುವ ಪದ್ಧತಿ ತಂದರು. ಈಗ ಒಟ್ಟು ಪರಿಣಾಮಕ್ಕೆ 40, ನೋಟಕ್ಕೆ 30, ಸಂಗೀತಕ್ಕೆ 30. ಈಗ ಎಲ್ಲರೂ ಪರಿಣಾಮದ ಹಿಂದೆ ಬಿದ್ದಿದ್ದಾರೆ ಎಂದು ಆ ಮುದುಕರ ದೂರು. 2004ರಲ್ಲಿ ಧ್ವನಿವರ್ಧಕ ಬಿಟ್ಟುಕೊಂಡರು, 2009ರಲ್ಲಿ ವಿದ್ಯುತ್ ವಾದ್ಯ ಬಿಟ್ಟುಕೊಂಡರು, ಎರಡಕ್ಕೂ ಹಳೆಯ ಅಭಿಮಾನಿಗಳು ಕೂಗಾಡಿದರು. ಅಷ್ಟು ಹಣ, ಅಷ್ಟು ಓದು ಇರುವ ಕಡೆಯೂ ಹಾಳೆ ಹೇಗೋ ವಾದ್ಯ ಹಾಗೆ. ಅಲ್ಲಿ ಒಂದು ಸಂಗತಿ ಮಾತ್ರ ನನಗೆ ಬಹಳ ಹಿಡಿಸಿತು. ತೀರ್ಪುಗಾರರು ಕೇಳುತ್ತ ಕೇಳುತ್ತಲೇ ತಮಗೆ ಅನ್ನಿಸಿದ್ದನ್ನು ಧ್ವನಿಮುದ್ರಣ ಮಾಡುತ್ತಾರೆ. ಆ ಮುದ್ರಣ ತಂಡದವರ ಕೈಗೆ ಹೋಗುತ್ತದೆ. ಯಾಕೆ ಕಡಿಮೆ ಕೊಟ್ಟೆ ಎನ್ನುವುದಕ್ಕೆ ತೀರ್ಪುಗಾರನೇ ಬಾಯಿಬಿಟ್ಟು ಕಾರಣ ಹೇಳಬೇಕು. ಅವತ್ತು ನನಗೂ ಅಂಥದೊಂದು ಕಟ್ಟಳೆ ಇದ್ದಿದ್ದರೆ, ‘ತಮಟೆ ಕಾಯಿಸಿದ್ದಕ್ಕೆ ಎಂಟು ಅಂಕ ಕಳೆದಿದ್ದೇನೆ’ ಎಂದು ನನ್ನ ಬಾಯಲ್ಲೇ ಹೇಳಬೇಕಾಗುತ್ತಿತ್ತು. ಹೇಳುವಾಗಲಾದರೂ ನಾಲಿಗೆ ತಡವರಿಸುತ್ತಿತ್ತು.

ಶರಣ ಬಂಧುಗಳೇ, ಇದು ಅನುಭಾವ ಗೋಷ್ಠಿ, ಇಲ್ಲಿ ತಮಟೆ ಡೊಳ್ಳಿನ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಶೂನ್ಯಪೀಠದ ಅಲ್ಲಮಪ್ರಭುಗಳ ಕೈಯಲ್ಲಿ ಮೊದಲಿಗೆ ಇದ್ದದ್ದು ಮದ್ದಳೆ. ಹರಿಹರ ತನ್ನ ರಗಳೆಯಲ್ಲಿ ಹಾಗೆ ಹೇಳುತ್ತಾನೆ, ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮ ಬನವಾಸಿಯ ಮಧುಕೇಶ್ವರನ ಗುಡಿಯಲ್ಲೇ ಮದ್ದಳೆ ನುಡಿಸುತ್ತಾನೆ. ಇಬ್ಬರ ಕತೆ ಬೇರೆ ಬೇರೆ, ಮದ್ದಳೆ ಮಾತ್ರ ಎರಡರಲ್ಲೂ ಇದೆ. ಡಕ್ಕೆಯ ಬೊಮ್ಮಣ್ಣನವರು ಡಕ್ಕೆ ಬಾರಿಸುವ ಕಾಯಕದವರು. ಆ ಕಾಯಕದ ಹೆಸರಿನಿಂದಲೇ ಅವರನ್ನು ಕರೆದರು, ‘ಕಾಲಾಂತಕ ಭೀಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಅವರ ವಚನಗಳಿವೆ. ಮಾದಾರ ಧೂಳಯ್ಯನವರು ಚರ್ಮದ ಕಾಯಕದವರು. ನಾವು ಇವರ ವಚನಗಳನ್ನು ಚೌಕಟ್ಟು ಹಾಕಿ ಗೋಡೆಗೆ ಹಾಕಿದ್ದೇವೆ. ಚರ್ಮ ಹದ ಮಾಡಿದ ಕೈ, ಡಕ್ಕೆ ಬಾರಿಸಿದ ಕೈ ವಚನ ಬರೆಯಿತು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ನಮ್ಮ ಕರಡು ನಿಯಮದಲ್ಲಿ ಏನಿದೆ? ‘ವೀರಗಾಸೆ, ನಂದಿಕೋಲು, ಡೊಳ್ಳು ತಂಡಗಳಿಗೆ ಸ್ಪರ್ಧೆ. ಮೆರವಣಿಗೆಗೆ ತಮಟೆ, ಅರೆವಾದ್ಯದವರನ್ನು ಕರೆಸಲಾಗುವುದು.’ ಒಬ್ಬರಿಗೆ ಸ್ಪರ್ಧೆ, ಇನ್ನೊಬ್ಬರಿಗೆ ಕೂಲಿ. ಬರೆದವರಿಗೆ ಕೆಟ್ಟ ಮನಸ್ಸು ಇಲ್ಲ, ನನಗೆ ಅವರು ಗೊತ್ತು. ಕೈ ರೂಢಿಯಂತೆ ಬರೆದುಬಿಡುತ್ತದೆ. ಅವತ್ತು ನನ್ನ ಕೈಯೂ ರೂಢಿಯಂತೆ 2 ಅಂಕ ಹಾಕಿತು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದ ಒಳಗೆ ಹೋದ ತಮಟೆ ನಮ್ಮ ಮಠದ ವೇದಿಕೆ ಹತ್ತಬಾರದೆ?

ವೀರಗಾಸೆಯ ಬಗ್ಗೆ ಎರಡು ಮಾತು. ಇಲ್ಲಿ ಕುಳಿತಿರುವ ಸುಧಾರಣೆಯ ಮನಸ್ಸಿನ ಕೆಲವರು ‘ದಕ್ಷಯಜ್ಞದ ಕತೆ ಪುರಾಣ, ಅದು ನಮ್ಮದಲ್ಲ, ಕೈಬಿಡಿ’ ಎನ್ನುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಸಂಬಾಳದ ನಡೆ ಒಮ್ಮೆ ಹೋದರೆ ಅದನ್ನು ಯಾವ ಗೋಷ್ಠಿಯೂ ತಂದುಕೊಡುವುದಿಲ್ಲ. ಒಡಪು ಹೇಳುವ ಜಾಗದಲ್ಲಿ ವಚನ ಹೇಳುವ ತಂಡಗಳನ್ನು ನಾನೇ ಕೇಳಿದ್ದೇನೆ, ಚೆನ್ನಾಗಿಯೇ ಇರುತ್ತದೆ. ಆದರೆ ಕೆನ್ನೆಗೆ, ನಾಲಿಗೆಗೆ ಶಸ್ತ್ರ ಹಾಕಿಕೊಳ್ಳುವುದಕ್ಕೆ ‘ಸಾಹಸ’ದ ಕಾಲಂನಲ್ಲಿ ಅಂಕ ಕೊಡುವುದನ್ನು ನಾನು ಒಪ್ಪುವುದಿಲ್ಲ. ಒಬ್ಬನಿಗೆ ಅದು ಹರಕೆ ಇರಬಹುದು, ಅವನ ಮನೆಯ ಮಾತು. ಅಂಕ ಕೊಟ್ಟರೆ ಮುಂದಿನ ವರ್ಷ ಹದಿನಾರರ ಹುಡುಗ ಅಂಕಕ್ಕಾಗಿ ಚುಚ್ಚಿಕೊಳ್ಳುತ್ತಾನೆ. ರಕ್ತಕ್ಕೆ ಅಂಕ ಬೇಡ.

ಇನ್ನು ನಂದಿಕೋಲು. ಹೋದ ವರ್ಷ ನಮ್ಮ ಹಾಸ್ಟೆಲಿನ ಹೆಣ್ಣುಮಕ್ಕಳು ನಾವೂ ಕಲಿಯುತ್ತೇವೆ ಎಂದು ಕೇಳಿದರು. ಹಿರಿಯರೊಬ್ಬರು ‘ನಂದಿಕೋಲು ಹೆಣ್ಣುಮಕ್ಕಳು ಎತ್ತುವ ಪದ್ಧತಿ ಇಲ್ಲವಮ್ಮ’ ಎಂದರು. ಮಕ್ಕಳು ಎದುರು ಮಾತಾಡಲಿಲ್ಲ, ಹೋಗಿ ಉದ್ದದ ಗಳ ಒಂದಕ್ಕೆ ಮರಳಿನ ಚೀಲ ಕಟ್ಟಿ ಹಾಸ್ಟೆಲಿನ ಹಿಂದೆ ಅಭ್ಯಾಸ ಮಾಡುತ್ತಿದ್ದಾರೆ. ಅಡುಗೆಯವರು ಹೇಳಿ ನನಗೆ ಗೊತ್ತಾಯಿತು. ಮಹಿಳಾ ವೀರಗಾಸೆ ತಂಡಗಳು ರಾಜ್ಯದಲ್ಲಿ ಆಗಲೇ ಇವೆ. ಡೊಳ್ಳು ಹೆಣ್ಣುಮಕ್ಕಳ ಹೆಗಲಿಗೆ ಯಾವಾಗಲೋ ಏರಿದೆ. ಅಂಗದ ಮೇಲೆ ಇಷ್ಟಲಿಂಗ ಹೊರಬಹುದಾದ ಹೆಣ್ಣುಮಗಳು ಸೊಂಟದ ಮೇಲೆ ನಂದಿಕೋಲು ಹೊರಬಾರದು ಎನ್ನುವುದಕ್ಕೆ ಯಾವ ವಚನದ ಆಧಾರವಿದೆ ಎಂದು ನಾನು ಆ ಹಿರಿಯರನ್ನು ಕೇಳಿದೆ. ಅವರು ನನ್ನ ದೊಡ್ಡಪ್ಪನ ಮಗ, ಬೈದರು. ಆದರೆ ಮಾರನೇ ದಿನ ಫೋನು ಮಾಡಿ, ‘ಕೋಲು ಭಾರ ಕಣೋ, ಸೊಂಟಕ್ಕೆ ಕಟ್ಟುವ ಪಟ್ಟಿ ಸರಿಯಾಗಿ ಮಾಡಿಸು’ ಅಂದರು. ಅವರ ಒಪ್ಪಿಗೆ ಅಂತಲೇ ನಾನು ತಿಳಿದಿದ್ದೇನೆ.

ಸಮಿತಿಯವರಲ್ಲಿ ನನ್ನ ಕೋರಿಕೆ ಹೀಗಿದೆ. ಎಲ್ಲ ವಾದ್ಯಕ್ಕೂ ಒಂದೇ ವೇದಿಕೆ, ಒಂದೇ ಸ್ಪರ್ಧೆ, ಒಂದೇ ಪಂಕ್ತಿ. ತಾಳ, ಲಯ, ನಾದಕ್ಕೆ 20 ಅಲ್ಲ, 60 ಇಡಿ. ಮೊದಲ ಸುತ್ತಿನಲ್ಲಿ ತೀರ್ಪುಗಾರರ ಮುಂದೆ ಒಂದು ಪರದೆ ಕಟ್ಟಿ, ಜನ ನೋಡಲಿ, ನಾವು ಮಾತ್ರ ಕೇಳೋಣ. ಯಾರು ಬಾರಿಸುತ್ತಿದ್ದಾರೆ, ಯಾವ ಕೇರಿಯವರು, ಗಂಡೋ ಹೆಣ್ಣೋ, ಏನು ಉಟ್ಟಿದ್ದಾರೆ, ಯಾವುದೂ ಕಾಣುವುದು ಬೇಡ. ವೇಷ, ಸಾಲು, ಹೆಗಲೇರುವುದು ಎರಡನೇ ಸುತ್ತಿಗೆ ಇರಲಿ. ತೀರ್ಪುಗಾರರ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿ ತಂಡದವರಿಗೆ ಕಳಿಸಿ, ಅದಕ್ಕೇನೂ ಖರ್ಚಿಲ್ಲ. ಪ್ಲಾಸ್ಟಿಕ್ ಹಾಕಿಸಿಕೊಂಡು ಬಂದ ಹುಡುಗರನ್ನು ತಳ್ಳಬೇಡಿ. ಚರ್ಮ ಮುಚ್ಚಿಸಿಕೊಂಡು ಬರುವವರಿಗೆ ಅದರ ಖರ್ಚನ್ನು ಸಮಿತಿ ಕೊಡಲಿ. ಕೊಡುವ ಹಣ ಹದ ಮಾಡುವವರ ಮನೆಗೂ ಮುಟ್ಟುತ್ತದೆ. ಇದಕ್ಕೆ ಯಾರಾದರೂ ಕ್ವಿಂಟಾಲ್ ಕೊಬ್ಬರಿಯ ಬೆಲೆ ಒಪ್ಪಿಕೊಳ್ಳುವುದಾದರೆ ಊಟವಾದ ಮೇಲೆ ನನ್ನನ್ನು ಕಾಣಿ. ಮೊದಲ ಹೆಸರು ನನ್ನದು ಬರೆದುಕೊಂಡಾಗಿದೆ.

ಕಾಯಿಸುವ ಹೊತ್ತು ಸಮಯದ ಲೆಕ್ಕಕ್ಕೆ ಬರಬಾರದು. ವೇದಿಕೆಯ ಎಡಗಡೆ, ಶಾಮಿಯಾನದಿಂದ ದೂರ, ಜನಕ್ಕೆ ಕಾಣುವ ಹಾಗೆ ಬೆಂಕಿಯ ಗುಂಡಿ ತೋಡಿಸಿ. ಸೋಗೆ, ಮೊಟ್ಟೆಗೆ ನಮ್ಮಲ್ಲಿ ಬರವೇ? ಒಂದು ಗಾಡಿ ನಾನೇ ತರಿಸುತ್ತೇನೆ.

ಕೊನೆಯದಾಗಿ ತೀರ್ಪುಗಾರರ ವಿಷಯ. ಕರಡಿನಲ್ಲಿ ಮೂರು ಹೆಸರಿವೆ: ಒಬ್ಬರು ಉಪನ್ಯಾಸಕರು, ಒಬ್ಬರು ನಿವೃತ್ತ ಅಧಿಕಾರಿಗಳು, ಮೂರನೆಯವನು ನಾನು. ನನ್ನ ಹೆಸರು ತೆಗೆಯಿರಿ. ಹೋದ ವಾರ ಆ ಹಿರಿಯರ ಮನೆಗೆ ಹೋಗಿದ್ದೆ. ಈಗ ಕೈ ನಡುಗುತ್ತದೆ, ಬಾರಿಸುವುದಿಲ್ಲ. ಕಿವಿ ಮಾತ್ರ ಹಾಗೇ ಇದೆ. ನಾನು ಮಾತಾಡುತ್ತಿದ್ದಾಗ ಹಟ್ಟಿಯ ಹಿಂದೆ ಯಾರೋ ಹುಡುಗ ತಮಟೆ ಬಡಿಯುತ್ತಿದ್ದ, ಅವರು ನನ್ನ ಮಾತು ನಿಲ್ಲಿಸಿ ‘ಮೂರನೇದು ಮೇಲೆ ಬಿತ್ತಲ್ಲೋ’ ಎಂದು ಕೂಗಿದರು. ತೀರ್ಪಿಗೆ ಕೂರುತ್ತೀರಾ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಮಠದ ವೇದಿಕೆಯ ಮೇಲೆ ಕೂರುವುದು ಅವರಿಗೆ ಸುಲಭದ ಮಾತಲ್ಲ. ಆಮೇಲೆ ಒಪ್ಪಿದರು, ಒಂದು ಷರತ್ತು ಹಾಕಿದರು: ‘ಮೇಷ್ಟ್ರೇ, ನಂಗೆ ಚಳಿ ತಡೆಯಲ್ಲ. ಕುರ್ಚಿನ ಬೆಂಕಿ ಹತ್ರ ಹಾಕ್ಸಿ.’

ಸಮಿತಿಯವರು ಕುರ್ಚಿ ಎಲ್ಲಿ ಹಾಕಿಸಬೇಕೆಂದು ಗೊತ್ತಾಯಿತಲ್ಲ.